ಕೇದಾರಕಂಠ, ಡಿಸೆಂಬರ್ ಕೊನೆ: ಗಾಳಿ ಎಷ್ಟಿದ್ದರೆ ವಾಪಸ್ ಬರಬೇಕು?

ಬೆಟ್ಟದ_ಮೆಟ್ಟಿಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆ ವಾರ ಕುವೆಂಪುನಗರದಿಂದ ನಾವು ಐದು ಜನ ಸ್ನೇಹಿತೆಯರು ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೇವೆ. ಯಾರೂ ಇದುವರೆಗೆ ಹಿಮದ ಮೇಲೆ ಕಾಲಿಟ್ಟವರಲ್ಲ. ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇವೆ, ಹಾಗಾಗಿ ಕಾಲಿನ ಚಿಂತೆ ಇಲ್ಲ.

ಯಾರನ್ನು ಕೇಳಿದರೂ "ಹಿಮ ಚೆನ್ನಾಗಿ ಸಿಗುತ್ತೆ, ಫೋಟೋ ಸೂಪರ್ ಬರುತ್ತೆ" ಅನ್ನುತ್ತಾರೆ. ಗಾಳಿಯ ಬಗ್ಗೆ ಯಾರೂ ಹೇಳುವುದಿಲ್ಲ. ಒಂದು ಆ್ಯಪ್‌ನಲ್ಲಿ ಅದೇ ದಿನಕ್ಕೆ ಗಾಳಿ 12 ಅಂತ ಇದೆ, ಇನ್ನೊಂದರಲ್ಲಿ 45 ಅಂತ ಇದೆ. ಯಾವುದನ್ನು ನಂಬಬೇಕು? ಎಷ್ಟು ಗಾಳಿ ಇದ್ದರೆ ಶಿಖರದ ಆಸೆ ಬಿಟ್ಟು ಇಳಿಯಬೇಕು? ಅಮ್ಮ 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ಟ್ರೆಕ್‌ನಲ್ಲಿ ಆದ ದುರಂತದ ಸುದ್ದಿ ನೆನಪಿಸಿಕೊಂಡು ರಾತ್ರಿಯೆಲ್ಲ ಯೋಚನೆ ಮಾಡುತ್ತಿದ್ದಾರೆ. ಸುಮ್ನೆ "ಏನೂ ಆಗಲ್ಲಮ್ಮ" ಅನ್ನೋದಕ್ಕೆ ನನಗೆ ಮನಸ್ಸಿಲ್ಲ. ವಿಷಯ ತಿಳಿದುಕೊಂಡೇ ಹೇಳಬೇಕು.

ಪಾಂಡವಪುರದವ

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಮೇಡಂ. ಚಳಿಗಾಲದಲ್ಲಿ ಆ ಕಡೆ ಹೋಗಿ ಬಂದಿದ್ದೇನೆ, ಗೊತ್ತಿರುವಷ್ಟು ಬರೆಯುತ್ತೇನೆ.

12 ಮತ್ತು 45, ಎರಡೂ ಸರಿ ಇರಬಹುದು. ಮೊದಲನೆಯದು ಟ್ರೆಕ್ ಶುರುವಾಗುವ ಸಾಂಕ್ರಿ ಊರಿನದ್ದು, ಎರಡನೆಯದು ಶಿಖರದ್ದು ಆಗಿರಬಹುದು. ಸಾಂಕ್ರಿ ಸುಮಾರು 1,950 ಮೀಟರ್ ಎತ್ತರದಲ್ಲಿ, ಕಣಿವೆಯೊಳಗೆ ಇದೆ. ಶಿಖರ ಸುಮಾರು 3,800 ಮೀಟರ್, ಬಯಲು. ಹಾಗಾಗಿ ಊರಿನ ಹೆಸರು ಹಾಕಿ ನೋಡಿದರೆ ಏನೂ ಪ್ರಯೋಜನ ಇಲ್ಲ. ಎತ್ತರದ ಪ್ರಕಾರ ಮುನ್ಸೂಚನೆ ಕೊಡುವ ಪುಟಗಳಿವೆ, ಅಲ್ಲಿ 3,500 ಅಥವಾ 4,000 ಮೀಟರ್ ಆರಿಸಿಕೊಂಡು ನೋಡಿ. ಅಳತೆ ಯಾವುದು ಅಂತಲೂ ನೋಡಿ. ಕೆಲವು ಆ್ಯಪ್ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ತೋರಿಸುತ್ತವೆ. ಅಲ್ಲಿ 10 ಅಂತ ಇದ್ದರೆ ಅದು ಗಂಟೆಗೆ 36 ಕಿ.ಮೀ. ಇನ್ನೊಂದು, ಸರಾಸರಿ ಗಾಳಿ ಬೇರೆ, ಇದ್ದಕ್ಕಿದ್ದಂತೆ ಬೀಸುವ ಗಸ್ಟ್ ಬೇರೆ. ಕಾಲು ತಪ್ಪಿಸುವುದು ಗಸ್ಟ್.

ಚಳಿ ವಿಷಯಕ್ಕೆ ಬಂದರೆ, ಪ್ರತಿ 1,000 ಮೀಟರ್ ಮೇಲೆ ಹೋದಂತೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ. ಸಾಂಕ್ರಿಯಲ್ಲಿ ಬೆಳಗಿನ ಜಾವ 0 ಇದ್ದರೆ ಮೇಲೆ ಹೆಚ್ಚುಕಡಿಮೆ ಮೈನಸ್ 12 ಅಂತ ಲೆಕ್ಕ ಇಟ್ಟುಕೊಳ್ಳಿ. ಇದು ಗಾಳಿ ಇಲ್ಲದಾಗ. ಮೈನಸ್ 10ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 20ರ ಹಾಗೆ ತಟ್ಟುತ್ತದೆ. ಮೈನಸ್ 15ರಲ್ಲಿ 50 ಕಿ.ಮೀ. ಬೀಸಿದರೆ ಮೈನಸ್ 29ರ ಹಾಗೆ, ಆಗ ಮುಚ್ಚದೆ ಬಿಟ್ಟ ಮೂಗು, ಕಿವಿ, ಕೆನ್ನೆ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ನಮ್ಮ ಕಡೆ ಡಿಸೆಂಬರ್ ಚಳಿಗೆ ಸ್ವೆಟರ್, ಮಂಕಿ ಟೋಪಿ ಸಾಕು. ಅಲ್ಲಿ ಉಣ್ಣೆಯ ಸಂದುಗಳಲ್ಲಿ ಗಾಳಿ ನೇರ ಒಳಗೆ ನುಗ್ಗುತ್ತದೆ. ಎಲ್ಲದರ ಮೇಲೆ ಗಾಳಿ ತಡೆಯುವ ಒಂದು ತೆಳು ಜಾಕೆಟ್ ಬೇಕೇ ಬೇಕು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹಿಡಿದುಕೊಂಡು ನಿಂತ ತಕ್ಷಣ ತಣ್ಣಗಾಗುತ್ತದೆ.

ವಾಪಸ್ ಬರುವ ಲೆಕ್ಕ: ನಾನು ಹೊಸಬರ ಜೊತೆ ಇದ್ದರೆ ಶಿಖರದ ಎತ್ತರದಲ್ಲಿ ಸರಾಸರಿ ಗಾಳಿ ಗಂಟೆಗೆ 40 ಕಿ.ಮೀ. ದಾಟಿದರೆ ಹೊರಡುವುದಿಲ್ಲ. ಇದು ನನ್ನ ಗೆರೆ, ನಿಯಮ ಅಲ್ಲ. ಆದರೆ ಒಂದು ತಿಳಿದಿರಲಿ, ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. 20ರಲ್ಲಿ ಆರಾಮಾಗಿ ನಡೆದವರು 40ರಲ್ಲೂ ನಡೆಯಬಹುದು ಅಂದುಕೊಳ್ಳಬಾರದು.

ಸಕ್ಕರೆ_ಸೀಮೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಸರ್? ಕೇದಾರಕಂಠ ಹೊಸಬರ ಟ್ರೆಕ್. ಸಾವಿರಾರು ಜನ ಹೋಗಿ ಬರುತ್ತಾರೆ. ಗೈಡ್ ಇರುತ್ತಾರೆ, ಅವರು ಹೇಳಿದ ಹಾಗೆ ಕೇಳಿದರೆ ಸಾಕು ಅಲ್ವಾ? ಮೊದಲ ಸಲ ಹೋಗುವವರನ್ನು ಹೆದರಿಸಿದರೆ ಅವರು ಹೋಗೋದೇ ಇಲ್ಲ.

ಹಿಮದ_ಹಾದಿ (ಮೈಸೂರು)

ಸಕ್ಕರೆ ಸೀಮೆಯವರೇ, ಗೈಡ್ ಮಾತು ಕೇಳಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಸಾಂಕ್ರಿ ಸುತ್ತಲಿನ ಹಳ್ಳಿಯ ಹುಡುಗರಿಗೆ ಆ ಬೆಟ್ಟ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಆದರೆ ಎಷ್ಟೋ ಸಲ ಗೈಡ್ ಬೇಡ ಅಂದಾಗ ಒತ್ತಾಯ ಮಾಡುವವರು ನಾವೇ. "ಅಷ್ಟು ದೂರದಿಂದ ದುಡ್ಡು ಹಾಕಿಕೊಂಡು ಬಂದಿದ್ದೇವೆ ಅಣ್ಣ, ಸ್ವಲ್ಪ ದೂರ ಹೋಗೋಣ" ಅಂತ. ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ನಮಗೆ ಅರ್ಥವಾದರೆ ಆ ಒತ್ತಾಯ ಬರುವುದಿಲ್ಲ.

ಸಹಸ್ರತಾಲ್‌ನಲ್ಲಿ ಆಗಿದ್ದು ಜೂನ್ ತಿಂಗಳಲ್ಲಿ. ನಮ್ಮ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡು 9 ಜನ ತೀರಿಹೋದರು. ಚಳಿಗಾಲವೂ ಅಲ್ಲ, ಇಲ್ಲಿ ಮಳೆ ಶುರುವಾಗುವ ಹೊತ್ತು. 4,000 ಮೀಟರ್ ಮೇಲೆ ಗಾಳಿಯೂ ಹಿಮವೂ ಒಟ್ಟಿಗೆ ಬಂದರೆ ತಿಂಗಳು ಯಾವುದಾದರೇನು. ನಿಮ್ಮ ಅಮ್ಮನ ಯೋಚನೆ ಸುಳ್ಳಲ್ಲ ಮೇಡಂ.

ಗಾಳಿಯ ಇನ್ನೊಂದು ಕೆಲಸ ಹೇಳಬೇಕು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹೊಸದಾಗಿ ಬಿದ್ದ ಒಣ ಹಿಮ ಗಂಟೆಗೆ 25 ಕಿ.ಮೀ. ಆಸುಪಾಸಿನ ಗಾಳಿಗೇ ಎದ್ದು ಹಾರಲು ಶುರುವಾಗುತ್ತದೆ. ಗಾಳಿ ಬೀಸುವ ಮಗ್ಗುಲಿನಿಂದ ಎತ್ತಿಕೊಂಡು ಹೋಗಿ, ಬೆಟ್ಟದ ಆಚೆ ಮಗ್ಗುಲಿನ ಮರೆಯಲ್ಲಿ ಸುರಿಯುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ಬೇಗ ಅಲ್ಲಿ ಹಿಮ ಪೇರಬಹುದು. ಹಾಗೆ ಪೇರಿದ ಹಿಮ ಗಟ್ಟಿ ಹಲಗೆಯಂತೆ ಕೂತಿರುತ್ತದೆ, ಕೆಳಗಿನ ಪದರಕ್ಕೆ ಸರಿಯಾಗಿ ಅಂಟಿರುವುದಿಲ್ಲ. ಯಾರಾದರೂ ಕಾಲಿಟ್ಟರೆ ಇಡೀ ಹಲಗೆ ಜಾರಬಹುದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಜಾಸ್ತಿ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರ ವಿಷಯದಲ್ಲಿ ಅದನ್ನು ಜಾರಿಸಿದ್ದು ಅವರ ಅಥವಾ ಜೊತೆಯವರ ಹೆಜ್ಜೆಯೇ. ಕಾಲಡಿ "ಧುಂ" ಅಂತ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಹತ್ತಿರದ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ ಅಲ್ಲಿಂದ ಹಿಂದೆ ಸರಿಯಬೇಕು, ಮಾತೇ ಇಲ್ಲ.

ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತು. ತರಬೇತಿ ಪಡೆಯುತ್ತಿದ್ದವರು, ಜೊತೆಗೆ ಅನುಭವಿ ಶಿಕ್ಷಕರು. ಆದರೂ ಆಯಿತು. ಕೇದಾರಕಂಠದ ಮಾಮೂಲಿ ದಾರಿ ಅಷ್ಟು ಕಷ್ಟದ್ದಲ್ಲ, ಅದು ನಿಜ. ಆದರೆ ದಾರಿ ಬಿಟ್ಟು ಫೋಟೋಗೆ ಅಂತ ಅಂಚಿಗೆ ಹೋಗಬೇಡಿ. ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ಇರುತ್ತದೆ, ಮೇಲಿನಿಂದ ನೋಡಿದರೆ ನೆಲದಂತೆ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ.

ಬೆಟ್ಟದ_ಮೆಟ್ಟಿಲು (ಮೈಸೂರು)

ಇದನ್ನೆಲ್ಲ ಅಮ್ಮನಿಗೂ ಓದಿ ಹೇಳಿದೆ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಎರಡು ಅನುಮಾನ ಉಳಿದಿದೆ. ಸಿಗ್ನಲ್ ಇಲ್ಲದ ಕಡೆ ಗಾಳಿ ಎಷ್ಟಿದೆ ಅಂತ ಕಣ್ಣಲ್ಲೇ ಗೊತ್ತಾಗುತ್ತಾ? ಮತ್ತೆ ಹಿಂದಿನ ದಿನ ಹಿಮ ಬಿದ್ದು ಬೆಳಿಗ್ಗೆ ಬಿಸಿಲು ಬಂದರೆ ಆರಾಮಾಗಿ ಹೋಗಬಹುದಲ್ವಾ?

ಪಾಂಡವಪುರದವ

ಕಣ್ಣಲ್ಲೇ ಸಾಕಷ್ಟು ಗೊತ್ತಾಗುತ್ತದೆ. ಎದುರಿನ ದೊಡ್ಡ ಬೆಟ್ಟಗಳು, ಬಂದರ್‌ಪೂಂಛ್, ಸ್ವರ್ಗಾರೋಹಿಣಿ ಕಂಡಾಗ ತುದಿಯನ್ನು ನೋಡಿ. ನೆತ್ತಿಯಿಂದ ಬಿಳಿ ಹೊಗೆಯ ಹಾಗೆ ಹಿಮ ಉದ್ದಕ್ಕೆ ಹಾರುತ್ತಿದ್ದರೆ ಮೇಲೆ ಜೋರು ಗಾಳಿ ಇದೆ. ಕಾಡಿನೊಳಗಿನ ಕ್ಯಾಂಪಿನಲ್ಲಿ ನಿಂತು ನಿರ್ಧಾರ ಮಾಡಬೇಡಿ. ದಾರಿಯಲ್ಲಿ ಸಿಗುವ ಜುಡಾ ಕಾ ತಾಲಾಬ್ ಕೆರೆಯ ಹತ್ತಿರ ಮರಗಳು ಗಾಳಿ ತಡೆಯುತ್ತವೆ, ಬೇಸ್ ಕ್ಯಾಂಪ್ ದಾಟಿದ ಮೇಲೆ ತಡೆಯಲು ಏನೂ ಇಲ್ಲ. ಕೊನೆಯ ಏರು ಪೂರ್ತಿ ಬಯಲು.

ಬಿಸಿಲಿನ ಪ್ರಶ್ನೆಗೆ ಉತ್ತರ, ಇಲ್ಲ. ಚಳಿಗಾಲದಲ್ಲಿ ಅಲ್ಲಿ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮ ಅಡಚಣೆ ಅನ್ನುವ ಹವಾಮಾನ. ಅದು ದಾಟಿ ಹೋದ ಮೇಲೆ ಆಕಾಶ ನೀಲಿಯಾಗುತ್ತದೆ, ಆದರೆ ಹಿಂದೆಯೇ ವಾಯವ್ಯದಿಂದ ಒಣ ಚಳಿಗಾಳಿ ಬೀಸಬಹುದು. ಹೊಸ ಹಿಮ ಇನ್ನೂ ಕೂತಿರುವುದಿಲ್ಲ. ನೋಡಲು ಅತಿ ಚಂದದ ದಿನ, ಆದರೆ ಕಡಿದಾದ ಇಳಿಜಾರಿನಲ್ಲಿ ಅತಿ ಅಪಾಯದ ದಿನವೂ ಅದೇ ಆಗಿರಬಹುದು. 24 ಗಂಟೆಯಲ್ಲಿ 30 ಸೆಂ.ಮೀ. ಬಿದ್ದಿದ್ದರೆ ಒಂದು ದಿನ ಸುಮ್ಮನೆ ಕ್ಯಾಂಪಿನಲ್ಲಿ ಇದ್ದುಬಿಡಿ. ಅದಕ್ಕೇ ಟಿಕೆಟ್ ಮಾಡುವಾಗಲೇ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ರಜೆ ಮುಗಿಯುತ್ತೆ ಅನ್ನುವ ಅವಸರದಲ್ಲಿ ಗಾಳಿಗೆ ಎದುರು ನಡೆಯುವ ಪರಿಸ್ಥಿತಿ ಬರಬಾರದು.

ಹೊರಡುವ ಮುಂಚೆ ಭಾರತೀಯ ಹವಾಮಾನ ಇಲಾಖೆಯ ಉತ್ತರಕಾಶಿ ಜಿಲ್ಲೆಯ ಎಚ್ಚರಿಕೆ ನೋಡಿ. ಹಿಮಕುಸಿತದ ಮುನ್ಸೂಚನೆ ಕೊಡುವುದು ಚಂಡೀಗಢದ ಡಿಜಿಆರ್‌ಇ, ರಕ್ಷಣಾ ಸಂಶೋಧನೆಯ ಸಂಸ್ಥೆ.

ಸಕ್ಕರೆ_ಸೀಮೆ

ಬಿಸಿಲು ಬಂದರೆ ಸರಿಹೋಯಿತು ಅಂತಲೇ ಅಂದುಕೊಂಡಿದ್ದೆ. ಮಾಹಿತಿಗೆ ಥ್ಯಾಂಕ್ಸ್ ಸರ್, ನಮ್ಮ ಮಂಡ್ಯದ ಗುಂಪಿಗೂ ಕಳಿಸಿದ್ದೇನೆ.

ಹಿಮದ_ಹಾದಿ (ಮೈಸೂರು)

ಮೇಡಂ, ಐದು ಜನ ಇದ್ದೀರಿ, ಇಬ್ಬಿಬ್ಬರು ಜೋಡಿ ಮಾಡಿಕೊಳ್ಳಿ, ಒಂದು ಕಡೆ ಮೂವರು. ಒಬ್ಬರ ಮುಖ ಒಬ್ಬರು ಆಗಾಗ ನೋಡುತ್ತಿರಬೇಕು. ಕೆನ್ನೆ ಮೇಲೆ ಬಿಳಿ ಮಚ್ಚೆ ಬಂದರೆ ಅವರಿಗೆ ಗೊತ್ತಾಗುವುದಿಲ್ಲ, ಎದುರಿಗಿದ್ದವರಿಗೆ ಕಾಣುತ್ತದೆ. ಬಿಳಿಯಾದ ಕಡೆ ಹಿಮ ಹಾಕಿ ಉಜ್ಜಬೇಡಿ, ಅಂಗೈ ಬಿಸಿ ಕೊಡಿ. ಯಾರಾದರೂ ತುಂಬಾ ನಡುಗುತ್ತಾ ತೊದಲುತ್ತಿದ್ದರೆ, ಎಡವುತ್ತಿದ್ದರೆ ತಕ್ಷಣ ಗಾಳಿಯಿಂದ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ಬದಲಿಸಿ, ಎಚ್ಚರ ಇದ್ದರೆ ಬಿಸಿಯಾದ ಸಿಹಿ ಏನಾದರೂ ಕುಡಿಸಿ ಕೆಳಗೆ ಇಳಿಸಿ. ಮೊಬೈಲ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಹೊಸ ಹಿಮ ಸೂರ್ಯನ ಯುವಿ ಕಿರಣದ 80 ಶೇಕಡಾದಷ್ಟನ್ನು ವಾಪಸ್ ಮುಖಕ್ಕೇ ಎರಚುತ್ತದೆ. ಮೈಕ್ರೋಸ್ಪೈಕ್ (ಜಾರದಂತೆ ಬೂಟಿನಡಿಗೆ ಹಾಕುವ ಮುಳ್ಳು), ಗೇಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಕವಚ) ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಕಿಲ್ಲ. ಬೂಟು ಮಾತ್ರ ಇಲ್ಲೇ ತೆಗೆದುಕೊಂಡು ಚಾಮುಂಡಿ ಮೆಟ್ಟಿಲ ಮೇಲೆ ಹಾಕಿ ಪಳಗಿಸಿ.

ಬೆಟ್ಟದ_ಮೆಟ್ಟಿಲು (ಮೈಸೂರು)

ವಾಪಸ್ ಟಿಕೆಟ್ ಒಂದು ದಿನ ಮುಂದಕ್ಕೆ ಹಾಕಿಸುತ್ತಿದ್ದೇವೆ. ಗೈಡ್ ಅಥವಾ ನಮ್ಮಲ್ಲಿ ಯಾರಾದರೂ ಒಬ್ಬರು ಬೇಡ ಅಂದರೂ ಎಲ್ಲರೂ ಇಳಿಯುವುದು ಅಂತ ಐವರೂ ಮಾತಾಡಿಕೊಂಡಿದ್ದೇವೆ. ಬಂದ ಮೇಲೆ ಮೇಲಿನ ಗಾಳಿ, ಹಿಮ ಹೇಗಿತ್ತು ಅಂತ ಇಲ್ಲೇ ಬರೆಯುತ್ತೇನೆ, ಜನವರಿಯಲ್ಲಿ ಹೋಗುವವರಿಗೆ ಬೇಕಾಗುತ್ತದೆ.