ಶಿರಸಿಯಲ್ಲಿ ಕುದುರೆ ಕೊಳ್ಳುವುದು: ಏನೇನು ನೋಡಬೇಕು? (ಚರ್ಚೆ; ಸಾಲಿನ ಮೊದಲಿಗೆ ಇರುವುದು ಬರೆದವರ ಅಡ್ಡಹೆಸರು)

ಬನವಾಸಿ ರಸ್ತೆ: ಸವಾರಿಗೆ ಒಂದು ಹೆಣ್ಣು ಕುದುರೆ ನೋಡಿದ್ದೇನೆ. ‘ಅಸಲಿ ಮಾರ್ವಾಡಿ ತಳಿ, 6 ವರ್ಷ’ ಅಂತಾರೆ, ತಳಿಯ ಕಾಗದ ಇಲ್ಲ. ನಂಬಬಹುದೇ?

ಲಾಳ: ಕಿವಿ ಒಳಕ್ಕೆ ಬಾಗಿದ್ದಕ್ಕೇ ಮಾರ್ವಾಡಿ ಅನ್ನಬೇಡಿ, ಕಾಠಿಯಾವಾಡಿ ತಳಿಗೂ ಹಾಗೇ ಇರುತ್ತದೆ. ಕಾಗದವಿಲ್ಲದಿದ್ದರೆ ತಳಿಗೆ ದುಡ್ಡು ಕೊಡಬೇಡಿ, ಕಾಲಿಗೆ ಕೊಡಿ. ವಯಸ್ಸಿಗೆ ತುಟಿ ಎತ್ತಿ ಮೇಲಿನ ಮೂಲೆಯ ಬಾಚಿಹಲ್ಲು ನೋಡಿ. ಒಸಡಿನ ಹತ್ತಿರ ಕಂದು ಗೆರೆ ಇಣುಕಿದ್ದರೆ ಹತ್ತರ ಆಸುಪಾಸು, ಹಲ್ಲಿನ ಅರ್ಧಕ್ಕೆ ಇಳಿದಿದ್ದರೆ ಹದಿನೈದು. ಆರರದಾದರೆ ಗೆರೆಯೇ ಇರಬಾರದು.

ಆಮೇಲೆ ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ಸಣ್ಣ ಓಟದಲ್ಲಿ (ಟ್ರಾಟ್) ಓಡಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೆ ಹಾರುತ್ತದೆ. ಮಾರುವವ ಹಗ್ಗ ಬಿಗಿ ಹಿಡಿದರೆ ಅದು ಕಾಣುವುದಿಲ್ಲ!

ಘಟ್ಟದವ: ಗೊರಸು ಎತ್ತಿಸಿ ಮೂಸಿ ಮಾರಾಯ್ರೆ. ನಡುವಿನ ಮೆತ್ತನೆಯ ತ್ರಿಕೋನದಲ್ಲಿ ಕೊಳೆತ ವಾಸನೆ, ಕಪ್ಪು ಲೋಳೆ ಇದ್ದರೆ ಕೊಳೆರೋಗ. ನಮ್ಮ ಮಳೆಗಾಲಕ್ಕೆ ಅದು ಇನ್ನೂ ಹೆಚ್ಚುತ್ತದೆ. ಲಾಯದ ನೆಲ ಎತ್ತರಿಸಿ, ದಿನಾ ಗೊರಸಿನ ಕೊಳೆ ಕೆರೆದು ತೆಗೆಯಿರಿ.

ಮುಂಗಡ ಕೊಡುವ ಮೊದಲು ಪಶುವೈದ್ಯರಿಂದ ಗ್ಲಾಂಡರ್ಸ್‌ಗೆ ರಕ್ತ ಪರೀಕ್ಷೆ ಮಾಡಿಸಿ. ಮನುಷ್ಯರಿಗೂ ತಗಲುವ ರೋಗ ಅದು. ಧನುರ್ವಾಯು ಲಸಿಕೆ ಹಾಕಿದ್ದಾರೋ ಕೇಳಿ.

ಬನವಾಸಿ ರಸ್ತೆ: ಮನೆಯ ಭತ್ತದ ಹುಲ್ಲು ಸಾಕಾಗುತ್ತದಾ?

ಲಾಳ: ಬರೀ ಅದೇ ಸಾಲದು, ಸತ್ವ ಕಡಿಮೆ. 300 ಕೆ.ಜಿ. ಕುದುರೆಗೆ ದಿನಕ್ಕೆ ಸುಮಾರು 6 ಕೆ.ಜಿ. ಒಣಮೇವು ಬೇಕು, ಹೆಚ್ಚಿನದು ಭತ್ತದ್ದಲ್ಲದ ಒಳ್ಳೆ ಒಣಹುಲ್ಲೇ ಇರಲಿ. ಮೇವು ಬದಲಿಸುವುದಾದರೆ ಹತ್ತು ದಿನದಲ್ಲಿ ನಿಧಾನಕ್ಕೆ. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ.