ಅಪ್‌ಡೇಟ್: ಮೂರನೇ ಟ್ರೇ ಬೀಳುವುದು ನಿಂತಿದೆ

ಪ್ರಶ್ನೆ ಇದಾಗಿತ್ತು: ಶಿರಸಿಯ ಅಡಿಕೆ ಘಟಕವೊಂದರಲ್ಲಿ ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿಯುವ ಮಷಿನ್‌ಗೂ ಗ್ರೇಡಿಂಗ್ ಮಷಿನ್‌ಗೂ ನಡುವೆ ಎರಡೇ ಟ್ರೇ ಹಿಡಿಯುವ ರೋಲರ್ ಇದೆ. ಅದು ತುಂಬಿದ್ದರೂ ಮೂರನೆಯದು ಬಂದು ಬೀಳುತ್ತಿತ್ತು.

ಹಳೇ ಲಾಜಿಕ್ ಟ್ರೇ ಹೊರಬರುವುದನ್ನೇ ತಡೆಯಲು ನೋಡುತ್ತಿತ್ತು. ಒಮ್ಮೆ ಸುಲಿಯಲು ಶುರುವಾದರೆ 'ಮುಗಿಯಿತು' ಎಂಬ ಘಟನೆ ನಮ್ಮ ಹಿಡಿತದಲ್ಲಿಲ್ಲ. ಹಿಡಿತದಲ್ಲಿರುವುದು 'ಶುರು' ಮಾತ್ರ. ಸಂಶೋಧಕರಾದ ರಾಮಡ್ಜ್ ಮತ್ತು ವೊನ್‌ಹ್ಯಾಮ್ 1980ರ ದಶಕದಲ್ಲಿ ಕಟ್ಟಿದ ಸೂಪರ್‌ವೈಸರಿ ಕಂಟ್ರೋಲ್‌ (ಹಿಡಿತದಲ್ಲಿರುವ ಘಟನೆಗಳನ್ನಷ್ಟೇ ತಡೆದು ವ್ಯವಸ್ಥೆಯನ್ನು ಸರಿದಾರಿಯಲ್ಲಿಡುವ ಸಿದ್ಧಾಂತ) ಎಂಬುದರ ತಿರುಳೇ ಇದು.

ಎರಡು ಮಷಿನ್‌ಗೆ ಎರಡೆರಡು ಸ್ಥಿತಿ (ನಿಂತಿದೆ, ಓಡುತ್ತಿದೆ), ರೋಲರ್‌ಗೆ ಮೂರು (0, 1, 2 ಟ್ರೇ): ಒಟ್ಟು 2×2×3 = 12. ರೋಲರ್ ತುಂಬಿದ್ದು ಸುಲಿಯುವ ಮಷಿನ್ ಓಡುತ್ತಿರುವ 2 ಸ್ಥಿತಿ ತೆಗೆದರೆ ಉಳಿದ 10ರಲ್ಲಿ ಎಲ್ಲೂ ಕೆಲಸ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಿಯಮ ಇಷ್ಟೇ: ರೋಲರ್‌ನಲ್ಲಿ 2 ಟ್ರೇ ಇದ್ದರೆ ಸುಲಿಯುವುದು ಶುರುವಾಗಬಾರದು, 0 ಇದ್ದರೆ ಗ್ರೇಡಿಂಗ್ ಶುರುವಾಗಬಾರದು.

ತಲೆನೋವು ಕೊಟ್ಟದ್ದು ಪಿಎಲ್‌ಸಿ, ಅಂದರೆ ಮಷಿನ್‌ಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್. ಸೆನ್ಸರ್ ಬಿಟ್ ಆನ್ ಇರುವಷ್ಟು ಹೊತ್ತೂ ಒಂದೇ ಸ್ಕ್ಯಾನ್‌ನಲ್ಲಿ (ಪ್ರೋಗ್ರಾಂ ಒಂದು ಸುತ್ತು ಓಡುವಷ್ಟರಲ್ಲಿ) 0ಯಿಂದ 1, 1ರಿಂದ 2 ಅಂತ ಎಣಿಕೆ ಹಾರುತ್ತಿತ್ತು. ರೈಸಿಂಗ್ ಎಡ್ಜ್ (ಬಿಟ್ ಆಫ್‌ನಿಂದ ಆನ್ ಆಗುವ ಕ್ಷಣ) ಮಾತ್ರ ತೆಗೆದುಕೊಂಡು, ಒಂದು ಬದಲಾವಣೆ ಆದೊಡನೆ ಆ ಬಿಟ್ ಅಳಿಸಿದರೆ ಸರಿ. ಟ್ರೇ ಅಲುಗಾಡಿ ಎರಡು ಸಲ ಎಣಿಸದಂತೆ ಸಣ್ಣ ಆನ್-ಡಿಲೇ ಟೈಮರ್ (ಸಿಗ್ನಲ್ ಸ್ವಲ್ಪ ಹೊತ್ತು ಆನ್ ಆಗಿಯೇ ಇದ್ದರೆ ಮಾತ್ರ ಒಪ್ಪುವಂಥದ್ದು) ಬೇಕು. ಕರೆಂಟ್ ಹೋಗುವುದು ಇಲ್ಲಿ ಮಾಮೂಲಿ, ಹಾಗಾಗಿ ಎಣಿಕೆಯ ಜೊತೆ ಮಷಿನ್ ಸ್ಥಿತಿಯನ್ನೂ ಕರೆಂಟ್ ಹೋದರೂ ಅಳಿಯದ ರಿಟೆಂಟಿವ್ ಮೆಮೊರಿಯಲ್ಲಿಡಿ. ಯಾರಾದರೂ ಕೈಯಲ್ಲಿ ಟ್ರೇ ಎತ್ತಿದರೆ ಎಣಿಕೆ ತಪ್ಪುತ್ತದೆ. ಅದಕ್ಕೆ ಕೀ ಇರುವ ರಿಸೆಟ್ ಸ್ವಿಚ್ ಹಾಕಿದೆ.