ಕೊಳಚೆ ನೀರಿಗೆ ಯಾವ ಹೆಲ್ಮೆಟ್, ಯಾವ ಸೂಟ್? ಇಳಿದವರು ಹೇಳಿ

ಕೇಳಿದವರು, ಶಿವಮೊಗ್ಗ: ಆರು ವರ್ಷಗಳಿಂದ ಅಣೆಕಟ್ಟೆಗಳ ಗೇಟ್ ದುರಸ್ತಿಗೆ ಮುಳುಗುತ್ತಿದ್ದೇನೆ. ಎಲ್ಲವೂ ತಿಳಿನೀರು. ಈಗ ಒಳಚರಂಡಿಯ ವೆಟ್‌ವೆಲ್ ಒಂದರಲ್ಲಿ, ಅಂದರೆ ಪಂಪ್ ಮಾಡುವ ಮೊದಲು ಕೊಳಚೆ ಬಂದು ತುಂಬುವ ಬಾವಿಯಲ್ಲಿ, ಕಚ್ಚಿಕೊಂಡ ಗೇಟ್ ಬಿಡಿಸುವ ಕೆಲಸ ಬಂದಿದೆ. ಆಳ 7 ಮೀಟರ್. ನನ್ನಲ್ಲಿರುವುದು ನಿಯೋಪ್ರೀನ್ ಸೂಟ್ ಮತ್ತು ಇಡೀ ಮುಖ ಮುಚ್ಚುವ ಮಾಸ್ಕ್. ಕೈಯಲ್ಲಿ 8 ಲಕ್ಷ ಇದೆ. ಮೊದಲು ಹೆಲ್ಮೆಟ್ ಕೊಳ್ಳಲೇ, ಸೂಟ್ ಕೊಳ್ಳಲೇ?

ತೀರ್ಥಹಳ್ಳಿ: ಆ ನಿಯೋಪ್ರೀನನ್ನು ಕೊಳಚೆಗೆ ಒಯ್ಯಬೇಡಿ. ನಾನು ಒಯ್ದಿದ್ದೆ. ಊರ ಚರಂಡಿ ನದಿಗೆ ಸೇರುವಲ್ಲಿಂದ ಸ್ವಲ್ಪ ಕೆಳಗಿನ ಜಾಕ್‌ವೆಲ್, ನದಿಯ ನೀರೆತ್ತುವ ಬಾವಿ. ಜಾಲರಿಗೆ ಸುತ್ತಿಕೊಂಡ ಸೀರೆ, ಪ್ಲಾಸ್ಟಿಕ್ ಕೀಳುವ ಎರಡು ದಿನದ ಕೆಲಸ. ಮನೆಗೆ ಬಂದು ಸೂಟನ್ನು ಮೂರು ಸಲ ತೊಳೆದೆ, ಒಣಗಿದ ಮೇಲೂ ಅದೇ ವಾಸನೆ. ಅದರ ಬಟ್ಟೆಯೂ ಫೋಮೂ ಹೀರಿಕೊಂಡದ್ದನ್ನು ಬಿಟ್ಟುಕೊಡುವುದಿಲ್ಲ. ಒಂಬತ್ತನೆಯ ದಿನ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಜೀವ ಹೋಗುವ ನೋವು. ಇಲಿ ಜ್ವರ. 11 ದಿನ ಆಸ್ಪತ್ರೆ, 1,86,400 ರೂಪಾಯಿ. ಆ ಕೆಲಸಕ್ಕೆ ನನಗೆ ಸಿಕ್ಕಿದ ಕೂಲಿ 22,000.

ಆಮೇಲೆ ವಲ್ಕನೈಸ್ಡ್ ರಬ್ಬರಿನ ಡ್ರೈಸೂಟ್, ಒಳಗೆ ನೀರು ಬಿಡದ ಸೂಟ್, ತರಿಸಿದೆ. ನುಣುಪು ಮೈ, ನೀರು ಹಾಯಿಸಿದರೆ ಹೊಲಸು ಜಾರಿ ಹೋಗುತ್ತದೆ. ಸುಂಕ, ಸಾಗಣೆ ಸೇರಿ 3,12,000. ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಅದಕ್ಕೇ ಹೋಯಿತು. ಹದಿನಾಲ್ಕನೆಯ ತಿಂಗಳಿಗೆ ಜಿಪ್ ಬಿಟ್ಟಿತು. ಹೊಸ ಜಿಪ್ಪಿಗೆ 34,500, ಐದು ವಾರ ಕೆಲಸವಿಲ್ಲ. ಆದರೂ ಹೇಳುತ್ತೇನೆ, ಸೂಟ್ ಮೊದಲು.

ಭದ್ರಾವತಿ: ಸೂಟ್ ಮೊದಲು ಎನ್ನುವವರ ಬಾಯಿಗೆ ಇನ್ನೂ ಕೊಳಚೆ ಹೋಗಿಲ್ಲ. ನನ್ನ ಮೊದಲ ಹೆಲ್ಮೆಟ್ಟಿನಲ್ಲಿ ಉಸಿರು ಹೊರಹೋಗಲು ಒಂದೇ ರಬ್ಬರ್ ಕವಾಟ ಇತ್ತು. ಅದು ಮುಚ್ಚಿಕೊಳ್ಳುವ ಆ ಒಂದು ಗಳಿಗೆಯಲ್ಲಿ ಹನಿ ಹನಿಯಾಗಿ ನೀರು ಹಿಂದಕ್ಕೆ ನುಸುಳುತ್ತದೆ. ತಿಳಿನೀರಿನಲ್ಲಿ ಗೊತ್ತೂ ಆಗುವುದಿಲ್ಲ. ತಲೆ ಬಗ್ಗಿಸಿ ನಲವತ್ತು ನಿಮಿಷ ಪಂಪಿನ ಬೋಲ್ಟ್ ಬಿಚ್ಚಿದ ದಿನ ನನ್ನ ನಾಲಿಗೆಗೆ ಗೊತ್ತಾಯಿತು. ವಾರವಿಡೀ ಭೇದಿ, ಆರು ಕೆಜಿ ಇಳಿದೆ. ಆ ಹೆಲ್ಮೆಟ್ಟನ್ನು 2,40,000ಕ್ಕೆ ಮಾರಿ, ಮೇಲೆ 3,20,000 ಸಾಲ ಮಾಡಿ, ಬಳಸಿದ ಕರ್ಬಿ ಮಾರ್ಗನ್ 37 ಹೆಲ್ಮೆಟ್ ಕೊಂಡೆ. ಕವಾಟದ ಹಿಂದೆ ಕವಾಟ ಇರುವ ಜೋಡಣೆ. ಹೆಲ್ಮೆಟ್ಟನ್ನು ಸೂಟಿಗೆ ನೇರವಾಗಿ ಕೂಡಿಸುವ ಕತ್ತಿನ ಪಟ್ಟಿಗೆ ಮತ್ತೆ 82,000. ಅದಿಲ್ಲದಿದ್ದರೆ ಕತ್ತು ಕೊಳಚೆಯಲ್ಲೇ ನೆನೆಯುತ್ತದೆ. ಸಾಲದ ಕಂತು ಇನ್ನೂ ಒಂದು ವರ್ಷ ಇದೆ, ನನಗೆ ಬೇಸರವಿಲ್ಲ.

ಸಾಗರ: ಎಷ್ಟು ಕವಾಟ ಜೋಡಿಸಿದರೂ, ಎಳೆದಷ್ಟೇ ಗಾಳಿ ಕೊಡುವ ಡಿಮಾಂಡ್ ಹೆಲ್ಮೆಟ್ಟಿನಲ್ಲಿ ಉಸಿರೆಳೆದಾಗ ಒಳಗಿನ ಒತ್ತಡ ತಗ್ಗಿಯೇ ತಗ್ಗುತ್ತದೆ. ಸಂದು ಸಿಕ್ಕರೆ ಹೊರಗಿನದು ಒಳಗೆ. ನನ್ನದು ಡೆಸ್ಕೊ ಏರ್ ಹ್ಯಾಟ್, ಫ್ರೀ ಫ್ಲೋ. ಗಾಳಿ ಸದಾ ಒಳಗಿನಿಂದ ಹೊರಕ್ಕೆ. ಒಂಬತ್ತು ವರ್ಷವಾಯಿತು, ನಾಲಿಗೆಗೆ ಒಂದು ಹನಿ ತಾಗಿಲ್ಲ. ಖರ್ಚು ಬರುವುದು ಕಂಪ್ರೆಸರಿಗೆ. ಡಿಮಾಂಡಿಗೆ ನಿಮಿಷಕ್ಕೆ 40 ಲೀಟರ್ ಗಾಳಿ ಸಾಕಾದರೆ ಇದಕ್ಕೆ 130ಕ್ಕೆ ಕಡಿಮೆ ನಡೆಯುವುದಿಲ್ಲ. ಹಳೆಯದನ್ನು ಕೊಟ್ಟು ದೊಡ್ಡದನ್ನು ತಂದೆ, 4,75,000. ಅದು ಗಾಳಿ ಎಳೆಯುವ ಬಾಯನ್ನು ಬಾವಿಯಿಂದ ದೂರ ಇಡಿ. ಇಲ್ಲದಿದ್ದರೆ ಬಾವಿಯ ವಿಷಗಾಳಿಯನ್ನೇ ಪೈಪಿನಲ್ಲಿ ಕೆಳಗೆ ಕಳುಹಿಸಿದ ಹಾಗೆ.

ಭದ್ರಾವತಿ: ಒಂಬತ್ತು ವರ್ಷದಲ್ಲಿ ಕೊಳಚೆಗೆ ಎಷ್ಟು ಸಲ ಇಳಿದಿರಿ? ಲಿಂಗನಮಕ್ಕಿ ಹಿನ್ನೀರಿನ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಗಾಳಿಯ ಸದ್ದಿನಲ್ಲಿ ಮೇಲಿನವರು ‘ನಿಲ್ಲು’ ಎಂದದ್ದು ನಿಮಗೆ ಕೇಳಿಸುತ್ತದೆಯೇ?

ಸಾಗರ: ಹದಿನೇಳು ಸಲ. ಬರೆದಿಟ್ಟ ಪುಸ್ತಕವಿದೆ, ಬಂದು ನೋಡಿ. ಮಾತಾಡಬೇಕಾದಾಗ ಗಾಳಿಯನ್ನು ಕ್ಷಣಕಾಲ ತಗ್ಗಿಸುತ್ತೇನೆ.

ಭದ್ರಾವತಿ: ಕೊಳಚೆ ಒಳನುಗ್ಗಲು ಆ ಕ್ಷಣ ಸಾಕು.

ಹೊಸನಗರ: ಮೇಲೆ ನಿಂತು ನಿಮ್ಮನ್ನೆಲ್ಲ ತೊಳೆಯುವವರು ಯಾರೆಂದು ಒಬ್ಬರೂ ಬರೆಯಲಿಲ್ಲ. ಮುಳುಗುವವನು ನನ್ನ ತಮ್ಮ, ಗಾಳಿಯ ಪೈಪ್ ಹಿಡಿಯುವವಳು ನಾನು. ಮೊದಲು ಬರಿಯ ನೀರು, ಆಮೇಲೆ ಸೋಂಕುನಿವಾರಕ, ಬ್ರಷ್, ಮತ್ತೆ ನೀರು. ಅಷ್ಟು ಹೊತ್ತೂ ಅವನು ಹೆಲ್ಮೆಟ್ ತೆಗೆಯುವಂತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಮುಚ್ಚಿದ ರಬ್ಬರಿನೊಳಗೆ ಇಪ್ಪತ್ತೈದು ನಿಮಿಷ ನಿಂತು ತಲೆ ಸುತ್ತಿ ಬಿದ್ದ. ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡಿದ್ದ ನನಗೆ ಮಣಿಕಟ್ಟಿನಿಂದ ಮೊಳಕೈವರೆಗೆ ಹುಣ್ಣು, ಔಷಧಿಗೆ 6,300. ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತರೆ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬಾವಿ ಬರಿದು ಮಾಡಿಕೊಡಿ ಎಂದು ಗುತ್ತಿಗೆದಾರರನ್ನು ಕೇಳಿದಿರಾ?

ತೀರ್ಥಹಳ್ಳಿ: ಅಕ್ಕಾ, ಬರಿದಾಗುವ ಬಾವಿಗೆ ನಮ್ಮನ್ನು ಯಾರು ಕರೆಯುತ್ತಾರೆ? ಶಿವಮೊಗ್ಗದ ತುಂಗೆಯಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗುವಂಥ ಮಳೆಯಲ್ಲಿ ಪಂಪ್ ನಿಲ್ಲಿಸಿದರೆ ಕೊಳಚೆ ಮನೆಗಳಿಗೆ ನುಗ್ಗುತ್ತದೆ.

ಹೊಸನಗರ: ಕೇಳಿದಿರಾ ಇಲ್ಲವಾ ಎಂದಷ್ಟೇ ನಾನು ಕೇಳಿದ್ದು. ನಾವು ಕೇಳಿದೆವು. ಎರಡು ದಿನ ಬೇರೆ ಪಂಪ್ ಇಟ್ಟು ನೀರು ತಿರುಗಿಸಿದರು. ನನ್ನ ತಮ್ಮ ಬಾವಿಯ ವಿಷಗಾಳಿ ಅಳೆದು, ಗಾಳಿಯ ಪೈಪಿನೊಂದಿಗೇ ಇಳಿದು, ಗಮ್‌ಬೂಟಿನಲ್ಲಿ ನಿಂತು ಕೆಲಸ ಮುಗಿಸಿದ.

ಸಾಗರ: ತೀರ್ಥಹಳ್ಳಿಯವರ ಜಿಪ್ ಬಿಟ್ಟದ್ದು ಮಡಚಿಟ್ಟದ್ದರಿಂದ. ಮೇಣ ಹಚ್ಚಿ ನೇತುಹಾಕಬೇಕು. ನನ್ನದು ಏಳನೆಯ ವರ್ಷ.

ತೀರ್ಥಹಳ್ಳಿ: ನನ್ನ ಸೂಟನ್ನು ನೀವು ಕಂಡಿಲ್ಲ. ಪ್ರತಿ ಸಲ ಮೇಣ ಹಚ್ಚಿ, ಅಟ್ಟದಲ್ಲಿ ಬಿದಿರಿನ ಗಳುವಿಗೆ ತೂಗುಹಾಕಿದ್ದೇನೆ. ಕಾಣದೆ ಆಡಬೇಡಿ.

ಕೇಳಿದವರು, ಶಿವಮೊಗ್ಗ: ನಾನು ಇಳಿಯಬೇಕಾದ ಬಾವಿಯಲ್ಲಿ ಗ್ಯಾರೇಜುಗಳ ಎಣ್ಣೆಯೂ ತೇಲುತ್ತದೆ. ಆ ಸೂಟಿನ ರಬ್ಬರ್ ಯಾವುದು, ಎಣ್ಣೆ ತಡೆಯುವ ನೈಟ್ರೈಲೋ ಸಾದಾ ರಬ್ಬರೋ?

ತೀರ್ಥಹಳ್ಳಿ: ಸಾದಾ. ಎಣ್ಣೆ ಇದೆ ಎಂದು ಮೊದಲೇ ಹೇಳಬಾರದಿತ್ತೇ? ಡೀಸೆಲ್ ತೇಲುತ್ತಿದ್ದ ಒಂದೇ ಒಂದು ಕೆಲಸಕ್ಕೆ ನನ್ನ ಮಣಿಕಟ್ಟಿನ ಸೀಲುಗಳು ಉಬ್ಬಿ ಅಂಟಂಟಾದವು. ಜೋಡಿಗೆ 5,200.